ದೀಕ್ಷಾಸ್ನಾನ ಆಯಿತು, ಮುಂದೇನು? ಮೊದಲ ವರ್ಷಕ್ಕೊಂದು ಕೈಪಿಡಿ

“ದೀಕ್ಷಾಸ್ನಾನ ಆತ್ರಿ. ಇನ್ನ ಮುಂದ ಏನ್ ಮಾಡಬೇಕು?” ಹುಬ್ಬಳ್ಳಿ-ಧಾರವಾಡದಿಂದ, ಗದಗ-ಬೆಟಗೇರಿಯಿಂದ, ಹಾವೇರಿ ಕಡೆಯಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. (ನೀರಿನ ವಿಧಿಯಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವುದೇ ದೀಕ್ಷಾಸ್ನಾನ.) ಕೇಳುವವರೆಲ್ಲ ಹೊಸಬರಲ್ಲ. ಮೂರು ತಲೆಮಾರಿನಿಂದ ಅದೇ ಚರ್ಚಿನ ಅದೇ ಬೆಂಚಿನಲ್ಲಿ ಕೂಡುವ ಮನೆತನದವರೂ ಇದ್ದಾರೆ. ಈಗಷ್ಟೇ ದೃಢೀಕರಣ ಮುಗಿಸಿದ ಹುಡುಗ ಹುಡುಗಿಯರೂ ಇದ್ದಾರೆ. (ಕೂಸಿದ್ದಾಗ ದೀಕ್ಷಾಸ್ನಾನ ಆದವರು ದೊಡ್ಡವರಾದ ಮೇಲೆ ‘ಇದು ನನ್ನದೇ ನಂಬಿಕೆ’ ಎಂದು ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿಯೇ ದೃಢೀಕರಣ.) ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: “ವಾಕ್ಯ ಓದ್ರಿ, ಪ್ರಾರ್ಥನಾ ಮಾಡ್ರಿ.” ಉತ್ತರ ತಪ್ಪಲ್ಲ. ಆದರೆ ಅಡಿಗೆ ಕಲಿಯಲು ಬಂದವರಿಗೆ “ಉಪ್ಪು ಖಾರ ಹಾಕ್ರಿ” ಅಂದುಬಿಟ್ಟರೆ ಹೇಗೋ ಹಾಗೆ. ಎಷ್ಟು, ಯಾವಾಗ, ಎಲ್ಲಿಂದ ಶುರು ಅನ್ನುವುದೇ ಇಲ್ಲ. ಆ ಅಳತೆ ಇಲ್ಲಿದೆ.

ಒಂದು ಮಾತು ಮೊದಲೇ. ಮೂರು ದಿನದ ದೊಡ್ಡ ಕೂಟಕ್ಕೆ ಹೋಗಿ ಕಣ್ಣೀರು ಹಾಕಿ ಬಂದದ್ದು ಒಳ್ಳೆಯದೇ. ಆದರೆ ಮಳೆ ಆದ ಮಾತ್ರಕ್ಕೆ ಬಿತ್ತಿಗೆ ಆದಂತಲ್ಲ. ನಂಬಿಕೆ ಬೆಳೆಯುವುದು ತಪ್ಪದೆ ನಡೆಯುವ ಸಣ್ಣ ಅಳತೆಯಲ್ಲಿ. ಬೆಳೆದಿದೆಯೋ ಇಲ್ಲವೋ ಗೊತ್ತಾಗುವುದು ಚರ್ಚಿನಲ್ಲಲ್ಲ, ಮನೆಯಲ್ಲಿ ಮತ್ತು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ.

ಬೇಕಾಗುವ ಸಾಮಾನು

ಒಂದು ಬೈಬಲ್, 200 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಮುಚ್ಚಳವಿರುವ ಒಂದು ಡಬ್ಬಿ. ಇಷ್ಟೇ.

ಬೈಬಲ್ ಕೊಳ್ಳುವಾಗ ಅನುವಾದ ನೋಡಿ. ನಮ್ಮ ಕಡೆಯ ಸಭೆಗಳಲ್ಲಿ ಹೆಚ್ಚಾಗಿ ಓದುವುದು ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದವು’. ಅದರಲ್ಲಿ ದೇವರ ಹೆಸರು ‘ಯೆಹೋವ’ ಎಂದಿದೆ. ಕಥೋಲಿಕ ಚರ್ಚುಗಳಲ್ಲಿ ಓದುವ ಹೊಸ ಅನುವಾದದಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ. ದೇವರು ಬೇರೆಯಲ್ಲ, ಅನುವಾದ ಬೇರೆ. ಪ್ರೊಟೆಸ್ಟಂಟರ ಬೈಬಲ್ಲಿನಲ್ಲಿ 66 ಪುಸ್ತಕ, ಕಥೋಲಿಕರದ್ದರಲ್ಲಿ 73. ಹಳೆಯ ಅನುವಾದದ ಕನ್ನಡ ಗಂಭೀರವಾಗಿದೆ, ಕಿವಿಗೆ ಹಿತ. ಆದರೆ ಕೆಲವು ಕಡೆ ಎಡವಿಸುತ್ತದೆ. ಬೈಬಲ್ಲಿನ ಕೀರ್ತನೆಗಳ ಪುಸ್ತಕದಲ್ಲಿ 23ನೇ ಕೀರ್ತನೆಯ ಮೊದಲ ಸಾಲಿನ ‘ಕೊರತೆಪಡೆನು’ ಅನ್ನುವುದನ್ನು ಎಷ್ಟೋ ಜನ ‘ಕೊರತೆ ಪಡುತ್ತೇನೆ’ ಎಂದೇ ತಿಳಿದಿರುತ್ತಾರೆ. ಅರ್ಥ ತದ್ವಿರುದ್ಧ: ನನಗೆ ಕೊರತೆಯಾಗದು. ‘ಪಡೆನು’ ಅಂದರೆ ‘ಪಡುವುದಿಲ್ಲ’. ಆದ್ದರಿಂದ ಹಳೆಯದು ಒಂದು, ಸರಳಗನ್ನಡದ್ದು ಒಂದು, ಎರಡೂ ಇದ್ದರೆ ಅನುಕೂಲ. ಎರಡನೆಯದು ಮೊಬೈಲ್ ಆ್ಯಪಿನಲ್ಲಿದ್ದರೂ ನಡೆದೀತು. ದಿನದ ಓದಿಗೆ ಮಾತ್ರ ಕಾಗದದ ಪುಸ್ತಕವೇ ಇರಲಿ. ಮೊಬೈಲ್ ತೆರೆದವರು ವಾಟ್ಸಾಪ್ ನೋಡದೆ ಮುಚ್ಚುವುದು ಕಡಿಮೆ.

1. ಒಂದೇ ಸಭೆ, ಆರು ರವಿವಾರ

ಸಭೆ ಅಂದರೆ ಇಲ್ಲಿ ಮೀಟಿಂಗ್ ಅಲ್ಲ. ಒಟ್ಟಿಗೆ ಆರಾಧಿಸುವ ವಿಶ್ವಾಸಿಗಳ ಗುಂಪು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಆ ಬೇರಿನ ಸಭೆಗಳು ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಉತ್ತರ ಕರ್ನಾಟಕ ಧರ್ಮಪ್ರಾಂತ್ಯದಲ್ಲಿವೆ. ಅದರ ಕಚೇರಿ ಧಾರವಾಡದಲ್ಲಿದೆ. ಕಥೋಲಿಕ ಚರ್ಚುಗಳು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವು. ಇವಲ್ಲದೆ ಓಣಿ ಓಣಿಗೆ ಸ್ವತಂತ್ರ ಸಭೆಗಳಿವೆ, ಮನೆಯ ಮಾಳಿಗೆಯ ಮೇಲೆ, ಬಾಡಿಗೆ ಹಾಲ್‌ಗಳಲ್ಲಿ.

ನಿಮಗೆ ಈಗಾಗಲೇ ಸಭೆ ಇದ್ದರೆ ಅಲ್ಲೇ ಇರಿ. ಬಾಳ ಸಲ ಸಮಸ್ಯೆ ಸಭೆಯದ್ದಲ್ಲ. ಇಲ್ಲದಿದ್ದರೆ ಒಂದನ್ನು ಆರಿಸಿ ಸತತ ಆರು ರವಿವಾರ ಹೋಗಿ, ನಾಲ್ಕು ಸಂಗತಿ ಗಮನಿಸಿ. ಪ್ರಸಂಗ ಮಾಡುವವರು ಬೈಬಲ್ ಭಾಗವನ್ನು ಬಿಡಿಸಿ ಹೇಳುತ್ತಾರೋ, ಇಲ್ಲ ಒಂದು ವಚನ ಓದಿ ಪುಸ್ತಕ ಮುಚ್ಚಿ ತಮ್ಮ ಕಥೆ ಹೇಳುತ್ತಾರೋ? ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಸದಸ್ಯರ ಮುಂದೆ ಓದುತ್ತಾರೋ? ಸಭಾಪಾಲಕರು (ಪಾಸ್ಟರು) ತಪ್ಪು ಮಾಡಿದರೆ ಕೇಳುವವರು ಯಾರು: ಬಿಷಪ್ಪರೋ, ಕಮಿಟಿಯೋ, ಯಾರೂ ಇಲ್ಲವೋ? ಕಾರಿಲ್ಲದವರು ಆಸ್ಪತ್ರೆಗೆ ಸೇರಿದಾಗಲೂ ನೋಡಲು ಹೋಗುತ್ತಾರೋ? ಹಾಡು ಹೇಗಿದೆ, ಸೌಂಡ್ ಸಿಸ್ಟಮ್ ಹೇಗಿದೆ ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಆಗುವ ತಪ್ಪು: ಮುಂಜಾನೆ ಒಂದು ಚರ್ಚು, ಮಧ್ಯಾಹ್ನ ಇನ್ನೊಂದು ಸಭೆ, ಶುಕ್ರವಾರ ಮತ್ತೊಂದು ಉಪವಾಸ ಕೂಟ. ಹೀಗೆ ಅಡ್ಡಾಡುವವರಿಗೆ ಎಲ್ಲ ಕಡೆ ನಮಸ್ಕಾರ ಸಿಗುತ್ತದೆ, ಆದರೆ ಎರಡು ವಾರ ಕಾಣದಿದ್ದರೆ “ಯಾಕ ಬಂದಿಲ್ಲವಾ?” ಎಂದು ಬಾಗಿಲು ತಟ್ಟುವವರು ಇರುವುದಿಲ್ಲ.

ದೀಕ್ಷಾಸ್ನಾನ (ಕಥೋಲಿಕರು ಜ್ಞಾನಸ್ನಾನ ಅನ್ನುತ್ತಾರೆ) ಇನ್ನೂ ಆಗದವರು ಮೊದಲು ತರಗತಿ ಕೇಳಿ ಪಡೆಯಿರಿ. ಕೆಲವು ವಾರವಾದರೂ ಕಲಿಸಿದ ಮೇಲೆಯೇ ಕೊಡುವುದು ಸರಿಯಾದ ಕ್ರಮ. “ಇವತ್ತ ಸಂಜಿಕ ಕೆರಿಗೆ ಬರ್ರಿ” ಅನ್ನುವ ಅವಸರಕ್ಕೆ ಒಪ್ಪಬೇಡಿ. ಕೂಸಿದ್ದಾಗ ಆದವರಿಗೆ ಸಿ.ಎಸ್.ಐ.ಯವರೂ ಕಥೋಲಿಕರೂ ಮತ್ತೊಮ್ಮೆ ಕೊಡುವುದಿಲ್ಲ. ಕೆಲವು ಸ್ವತಂತ್ರ ಸಭೆಗಳು ಮತ್ತೊಮ್ಮೆ ಪಡೆಯಲೇಬೇಕು ಅನ್ನುತ್ತವೆ. ನೀರಿಗೆ ಇಳಿಯುವ ಮುಂಚೆ ಎರಡೂ ಕಡೆಯ ಕಾರಣ ಕೇಳಿ. ಕಾಗದಪತ್ರದ ಒಂದು ಮಾತು: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಉಳಿಯುವುದಿಲ್ಲ. ಮಕ್ಕಳ ದಾಖಲೆ, ಜಾತಿ ಪ್ರಮಾಣಪತ್ರ, ಮತಾಂತರದ ಕಾನೂನು ಇವನ್ನೆಲ್ಲ ಒಬ್ಬ ವಕೀಲರ ಹತ್ತಿರ ಕೂತು ಮೊದಲೇ ತಿಳಿದುಕೊಳ್ಳಿ, ಏನಿದೆಯೋ ಅದನ್ನೇ ಬರೆಸಿ.

2. ಹೊತ್ತು: ಗಡಿಯಾರಕ್ಕಲ್ಲ, ಕೆಲಸಕ್ಕೆ ಕಟ್ಟಿ

ದಿನಕ್ಕೆ 25 ನಿಮಿಷ. 15 ಓದಿಗೆ, 10 ಪ್ರಾರ್ಥನೆಗೆ. ಮೊದಲ ಮೂರು ತಿಂಗಳು ಇದಕ್ಕಿಂತ ಹೆಚ್ಚು ಬೇಡ. ಹುರುಪಿನಲ್ಲಿ ಎರಡು ತಾಸಿನಿಂದ ಶುರು ಮಾಡಿದವರು ಸಾಮಾನ್ಯವಾಗಿ ಮೂರನೇ ವಾರಕ್ಕೆ ನಿಲ್ಲಿಸುತ್ತಾರೆ. ನಿಲ್ಲಿಸಿದ್ದಕ್ಕೆ ನಾಚಿಕೆಪಟ್ಟು ಮತ್ತೆ ಮುಟ್ಟುವುದಿಲ್ಲ.

ಹೆಣ್ಣುಮಕ್ಕಳಿಗೆ “ಮುಂಜಾನೆ ನಾಲ್ಕಕ್ಕ ಎದ್ದು ಪ್ರಾರ್ಥನಾ ಮಾಡ್ರಿ” ಎಂದು ಉಪದೇಶಿಸುವವರು ಮೊದಲು ಒಂದು ವಾರ ಮನೆಮಂದಿಗೆಲ್ಲ ರೊಟ್ಟಿ ಬಡಿದು ನೋಡಬೇಕು. ರೈಲ್ವೆ ವರ್ಕ್‌ಶಾಪಿನಲ್ಲಿ ಶಿಫ್ಟ್ ಮಾಡುವವರಿಗೆ, ಬೆಟಗೇರಿಯ ಮಗ್ಗದವರಿಗೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯಾಗಿ ಅಂಗಡಿಯಲ್ಲೇ ರಾತ್ರಿ ಕಳೆಯುವವರಿಗೆ ‘ಐದು ಗಂಟೆ’ ಅನ್ನುವ ನಿಯಮ ಉಳಿಯುವುದಿಲ್ಲ. ಹಾಗಾಗಿ ದಿನವೂ ತಪ್ಪದೆ ಮಾಡುವ ಒಂದು ಕೆಲಸ ಹಿಡಿಯಿರಿ, ಅದರ ಬೆನ್ನಿಗೆ ಇದನ್ನು ಕಟ್ಟಿ: ಮಕ್ಕಳನ್ನು ಸಾಲಿಗೆ ಕಳಿಸಿದ ಮೇಲೆ, ಅಂಗಡಿ ಕಸ ಹೊಡೆದ ಮೇಲೆ, ಶಿಫ್ಟ್ ಮುಗಿಸಿ ಕೈಕಾಲು ತೊಳೆದ ಮೇಲೆ. ಬೈಬಲ್, ನೋಟ್‌ಬುಕ್, ಪೆನ್ನು ಮೂರೂ ಅದೇ ಜಾಗದಲ್ಲಿ ಇರಲಿ. ಪೆನ್ನು ಹುಡುಕುವುದರಲ್ಲೇ ಐದು ನಿಮಿಷ ಹೋದ ದಿನ ಓದೂ ಹೋಗುತ್ತದೆ.

ಹುಬ್ಬಳ್ಳಿ-ಧಾರವಾಡದವರಿಗೆ ಇನ್ನೊಂದು ತೊಡಕಿದೆ: ನಳದ ನೀರು ಬರುವ ದಿನ. ಅವತ್ತು ಕೊಡ, ಬ್ಯಾರಲ್, ಪೈಪು ಬಿಟ್ಟು ಯಾವುದೂ ನೆನಪಿರುವುದಿಲ್ಲ. ಅಂಥ ದಿನಕ್ಕೆಂದೇ ಒಂದು ಕಿರು ಅಳತೆ ಮೊದಲೇ ಗೊತ್ತು ಮಾಡಿಡಿ. ‘ನೀರಿನ ದಿನದ ಅಳತೆ’ ಎಂದು ಕರೆಯೋಣ: 117ನೇ ಕೀರ್ತನೆ, ಮೇಲೊಂದು ಕರ್ತನ ಪ್ರಾರ್ಥನೆ (ಯೇಸು ತನ್ನ ಶಿಷ್ಯರಿಗೆ ಕಲಿಸಿದ್ದು). ಆ ಕೀರ್ತನೆಯಲ್ಲಿ ಇರುವುದೇ ಎರಡು ವಚನ. ಕೊಡ ತುಂಬುವಷ್ಟರಲ್ಲಿ ಮುಗಿಯುತ್ತದೆ. ಜ್ವರ, ಪ್ರಯಾಣ, ಮದುವೆ ಮನೆ, ಎಲ್ಲದಕ್ಕೂ ಇದೇ ಅಳತೆ. ಸಣ್ಣದಾದರೂ ದಿನ ಖಾಲಿ ಹೋಗಬಾರದು.

3. ಓದು: ವಾರಕ್ಕೆ ಐದು ಅಧ್ಯಾಯ

ಹೊಸ ಒಡಂಬಡಿಕೆಯಲ್ಲಿ (ಬೈಬಲ್ಲಿನ ಎರಡನೇ ಭಾಗ, ಯೇಸುವಿನಿಂದ ಮುಂದಿನದು) 260 ಅಧ್ಯಾಯ. ವಾರಕ್ಕೆ ಐದರಂತೆ ಸರಿಯಾಗಿ 52 ವಾರ, ಅಂದರೆ ಒಂದು ವರ್ಷ. ವಾರದಲ್ಲಿ ಎರಡು ದಿನ ಉಳಿಯುತ್ತವೆ. ತಪ್ಪಿದ್ದನ್ನು ಓದಲು ಒಂದು, ಚರ್ಚಿನಲ್ಲಿ ಕೇಳಿದ ಭಾಗವನ್ನು ಮನೆಯಲ್ಲಿ ಇನ್ನೊಮ್ಮೆ ನೋಡಲು ಒಂದು.

ಓದುವ ಕ್ರಮ: ಮೊದಲು ಮಾರ್ಕ (16 ಅಧ್ಯಾಯ, ಸುವಾರ್ತೆ ಅಂದರೆ ಯೇಸುವಿನ ಬದುಕು ಹೇಳುವ ಪುಸ್ತಕ, ಆ ನಾಲ್ಕರಲ್ಲಿ ಅತ್ಯಂತ ಚಿಕ್ಕದು), ಆಮೇಲೆ ಲೂಕ (24), ಅದರ ಮುಂದುವರಿಕೆಯಾದ ಅಪೊಸ್ತಲರ ಕೃತ್ಯಗಳು (28), ಫಿಲಿಪ್ಪಿ (4), ಯಾಕೋಬ (5). ಇಷ್ಟಕ್ಕೆ ಹದಿನಾರು ವಾರ. ಅಲ್ಲಿಂದ ಮುಂದೆ ಮತ್ತಾಯ, ಯೋಹಾನ, ರೋಮಾಪುರದವರಿಗೆ ಬರೆದ ಪತ್ರಿಕೆ (ಅಂದರೆ ಪತ್ರ), ಉಳಿದ ಪತ್ರಿಕೆಗಳು. ಬೈಬಲ್ಲಿನ ಕಡೆಯ ಪುಸ್ತಕವಾದ ಪ್ರಕಟನೆ ಕೊನೆಗೆ, ಅದೂ ಹಿರಿಯರೊಬ್ಬರ ಜೊತೆ ಕೂತು.

ಆದಿಕಾಂಡದಿಂದ ಯಾಕೆ ಬೇಡ? ಜನವರಿ 1ಕ್ಕೆ ‘ಒಂದು ವರ್ಷದಲ್ಲಿ ಪೂರಾ ಬೈಬಲ್’ ಎಂದು ಹೊರಟವರು 1,189 ಅಧ್ಯಾಯಕ್ಕೆ ದಿನಕ್ಕೆ ಮೂರರ ಮೇಲೆ ಓದಬೇಕು. ಆದಿಕಾಂಡದ ಯೋಸೇಫನ ಕಥೆಯವರೆಗೆ ಓಟ ಚೆನ್ನಾಗಿ ಸಾಗುತ್ತದೆ. ತಿಂಗಳ ನಾಲ್ಕನೇ ವಾರಕ್ಕೆ ವಿಮೋಚನಕಾಂಡದ 26ನೇ ಅಧ್ಯಾಯ ಬರುತ್ತದೆ: ಗುಡಾರದ ಹಲಗೆ ಎಷ್ಟು ಮೊಳ, ಪರದೆಗೆ ಎಷ್ಟು ಕುಣಿಕೆ. ಅದರ ಬೆನ್ನಿಗೇ ಯಾಜಕಕಾಂಡದ ಬಲಿಗಳ ನಿಯಮ. ಗಾಡಿ ಹೂತುಕೊಳ್ಳುವುದು ಅಲ್ಲೇ. ಆ ಭಾಗಗಳಿಗೂ ಅರ್ಥವಿದೆ, ಆದರೆ ಅದು ಎರಡನೇ ವರ್ಷದ ಓದು.

ಪ್ರತಿ ದಿನ ನೋಟ್‌ಬುಕ್ಕಿನಲ್ಲಿ ತಾರೀಖು, ಅಧ್ಯಾಯ, ಅದರ ಕೆಳಗೆ ನಾಲ್ಕು ಸಾಲು. ಯಾರು ಯಾರಿಗೆ ಹೇಳಿದ್ದು? ಇಲ್ಲಿ ದೇವರು ಎಂಥವನು ಎಂದು ಕಾಣುತ್ತದೆ? ಇವತ್ತು ನಾನು ಮಾಡಬೇಕಾದದ್ದು ಏನು? ತಿಳಿಯದ್ದು ಯಾವುದು?

ಮಾರ್ಕ 2ನೇ ಅಧ್ಯಾಯದ ಮೊದಲ 12 ವಚನ ತೆಗೆದುಕೊಂಡು ನೋಡೋಣ. ಕಪೆರ್ನೌಮಿನ ಒಂದು ಮನೆಯಲ್ಲಿ ಯೇಸು ಬೋಧಿಸುತ್ತಿದ್ದಾನೆ, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಲಕ್ವಾ ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಹತ್ತಿ, ಮೇಲಿನಿಂದ ತೂತು ಮಾಡಿ ಹಾಸಿಗೆ ಸಮೇತ ಇಳಿಬಿಡುತ್ತಾರೆ. ಹೆಂಚಿನ ಮನೆಯಲ್ಲಿ, ಆರ್‌ಸಿಸಿ ಮನೆಯಲ್ಲಿ ಬೆಳೆದವರಿಗೆ ಈ ಮಾತು ಹಿಡಿಯುವುದು ಕಷ್ಟ. ಗದಗ, ನರಗುಂದ, ರೋಣದ ಕಡೆಯ ಹಳೆಯ ಮಾಳಿಗೆ ಮನೆ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು, ಮೇಲೆ ಮಣ್ಣು. ಕಪೆರ್ನೌಮಿನ ಮನೆಗಳ ಮಾಳಿಗೆಯೂ ಹೆಚ್ಚುಕಡಿಮೆ ಹೀಗೇ ಇತ್ತು. ಅಗೆದರೆ ಕೆಳಗೆ ಕೂತವರ ತಲೆಯ ಮೇಲೆಲ್ಲ ಮಣ್ಣು ಉದುರಿರಬೇಕು; ಮಾಳಿಗೆಯನ್ನು ಆಮೇಲೆ ಯಾರೋ ಸರಿಮಾಡಿಕೊಡಲೂ ಬೇಕು. ನೋಟ್‌ಬುಕ್ಕಿನ ನಾಲ್ಕು ಸಾಲು ಹೀಗಿರಬಹುದು:

‘ಯೇಸು ಲಕ್ವಾ ಆದವನಿಗೆ, ಆಮೇಲೆ ಶಾಸ್ತ್ರಿಗಳಿಗೆ ಹೇಳಿದ್ದು. — ಕಾಯಿಲೆಗಿಂತ ಮೊದಲು ಪಾಪ ಕ್ಷಮಿಸಿದ; ಐದನೇ ವಚನದಲ್ಲಿ ನೋಡಿದ್ದು “ಅವರ” ನಂಬಿಕೆಯನ್ನು, ಹೊತ್ತು ತಂದವರದ್ದನ್ನೂ. — ಬಾಜೂ ಮನೆಯ ಕಾಕಾ ಡಯಾಲಿಸಿಸ್‌ಗೆ ಒಬ್ಬರೇ ಹೋಗುತ್ತಾರೆ. ಗುರುವಾರ ನಾನು ಜೊತೆಗೆ ಹೋಗುವುದು. — “ಶಾಸ್ತ್ರಿಗಳು” ಅಂದರೆ ಯಾರು?’

ಮೂರನೇ ಸಾಲು ಹೇಗಿದೆ ನೋಡಿ: ಯಾರು, ಯಾವ ದಿನ, ಏನು ಕೆಲಸ. ‘ನಾನು ಇನ್ನೂ ಪ್ರೀತಿಯಿಂದ ಇರಬೇಕು’ ಎಂದು ಬರೆದರೆ ಅದು ಗುರುವಾರಕ್ಕೆ ತಲುಪುವುದಿಲ್ಲ. ನಾಲ್ಕನೇ ಸಾಲಿನ ಪ್ರಶ್ನೆಗಳನ್ನು ರವಿವಾರ ಸಭಾಪಾಲಕರ ಹತ್ತಿರ ಕೇಳಿ. (ಉತ್ತರ: ನಮ್ಮಲ್ಲಿನ ಅಡ್ಡಹೆಸರಿನ ಶಾಸ್ತ್ರಿಗಳಲ್ಲ, ಯೆಹೂದ್ಯರ ಧರ್ಮಶಾಸ್ತ್ರವನ್ನು ನಕಲು ಬರೆದು, ಕಲಿಸಿ, ಅರ್ಥ ಹೇಳುತ್ತಿದ್ದ ಪಂಡಿತರು.)

ಇನ್ನು ಒಂಟಿ ವಚನದ ಅಪಾಯ. ಹೊಸ ವರ್ಷಕ್ಕೆ ವಾಗ್ದಾನ ಕಾರ್ಡ್ ಕೊಡುವ ರೂಢಿ ಇದೆಯಲ್ಲ, ಅದರಲ್ಲಿ ಯೆರೆಮೀಯ 29:11 (29ನೇ ಅಧ್ಯಾಯ, 11ನೇ ವಚನ: ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ ಅನ್ನುವ ದೇವರ ಮಾತು) ಬಂದವರು ‘ಈ ವರ್ಷ ನನಗೆ ಒಳ್ಳೆಯದೇ’ ಎಂದು ಹಿಗ್ಗುತ್ತಾರೆ. ಅದರ ಹಿಂದಿನ ವಚನ ಓದಿ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ ಅದು. ಎಪ್ಪತ್ತು ವರ್ಷ ಕಾಯಿರಿ ಅನ್ನುತ್ತದೆ. ಓದಿದವರಲ್ಲಿ ಬಹಳ ಜನ ಬದುಕಿರುವಾಗ ಅದು ನೆರವೇರಲೇ ಇಲ್ಲ. ಫಿಲಿಪ್ಪಿ 4:13 (ನನ್ನನ್ನು ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವ ಮಾತು) ಕೂಡ ಪರೀಕ್ಷೆ ಪಾಸಾಗುವ ಮಂತ್ರವಲ್ಲ. ಹಿಂದಿನ ಎರಡು ವಚನದಲ್ಲಿ ಆ ಪತ್ರ ಬರೆದ ಪೌಲನು ಹಸಿವನ್ನೂ ಸಹಿಸಲು ಕಲಿತಿದ್ದೇನೆ ಅನ್ನುತ್ತಾನೆ. ನಿಯಮ ಸರಳ: ಯಾವ ವಚನವೇ ಆಗಲಿ, ಹಿಂದಿನ ಹತ್ತು ಮುಂದಿನ ಹತ್ತು ಓದದೆ ಗೋಡೆಗೆ ಹಚ್ಚಬೇಡಿ. ಕಣ್ಣು ಮುಚ್ಚಿ ಪುಟ ತೆಗೆದು ಬೆರಳಿಟ್ಟು ‘ದೇವರು ಹೇಳಿದ’ ಅನ್ನುವುದಂತೂ ಗಿಣಿಶಾಸ್ತ್ರ.

4. ಪ್ರಾರ್ಥನೆ: ಹತ್ತು ನಿಮಿಷ, ಐದು ಹೆಸರು

“ಏನಂತ ಪ್ರಾರ್ಥನಾ ಮಾಡಬೇಕು, ಮಾತ ಬರೂದಿಲ್ಲ” ಅನ್ನುವವರು ಮತ್ತಾಯ 6:9ರಿಂದ 13ರವರೆಗಿನ ಕರ್ತನ ಪ್ರಾರ್ಥನೆಯನ್ನೇ ಸಾಲು ಸಾಲಾಗಿ ಬಿಡಿಸಿಕೊಳ್ಳಿ. ಒಂದು ಸಾಲು ಹೇಳಿ, ನಿಲ್ಲಿಸಿ, ನಿಮ್ಮ ಮಾತಿನಲ್ಲಿ ಒಂದೆರಡು ವಾಕ್ಯ ಸೇರಿಸಿ. ‘ನಮ್ಮ ಅನುದಿನದ ಆಹಾರ’ ಎಂದಾಗ ಈ ತಿಂಗಳ ರೇಷನ್ನು, ಬಾಡಿಗೆ, ಮಳೆ. ‘ತಪ್ಪು ಮಾಡಿದವರನ್ನು ಕ್ಷಮಿಸಿದಂತೆ’ ಎಂದಾಗ ಒಂದು ಹೆಸರು. ಹತ್ತು ನಿಮಿಷ ತಾನೇ ತುಂಬುತ್ತದೆ. ಕೈ ಎತ್ತಬೇಕೋ, ಮೊಣಕಾಲೂರಬೇಕೋ ಅನ್ನುವುದಕ್ಕೆ ನಿಯಮವಿಲ್ಲ. ಮೊಣಕಾಲು ನೋವಿದ್ದರೆ ಕುರ್ಚಿಯಲ್ಲಿ ಕೂಡಿ.

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡು ಕಾಲಮ್ ಎಳೆಯಿರಿ: ಎಡಕ್ಕೆ ತಾರೀಖು ಮತ್ತು ಬೇಡಿಕೆ, ಬಲಕ್ಕೆ ಆದದ್ದು. ದಿನಕ್ಕೆ ಐದು ಹೆಸರಿಗಿಂತ ಹೆಚ್ಚು ಬೇಡ. ಆರು ತಿಂಗಳಾದ ಮೇಲೆ ಬಲಗಡೆ ‘ಆಯಿತು’, ‘ಆಗಲಿಲ್ಲ’, ‘ಬೇರೆ ರೀತಿ ಆಯಿತು’ ಮೂರೂ ಕಾಣುತ್ತವೆ. ‘ಆಗಲಿಲ್ಲ’ ಅನ್ನುವುದನ್ನೂ ಬರೆಯಿರಿ. ಅದನ್ನು ಬರೆಯದವರು ಒಂದು ದಿನ ದೊಡ್ಡ ಪೆಟ್ಟು ಬಿದ್ದಾಗ ದೇವರ ಮುಂದೆ ಏನು ಹೇಳಬೇಕೆಂದು ತೋಚದೆ ಎದ್ದು ಹೋಗುತ್ತಾರೆ. ಬೈಬಲ್ಲಿನಲ್ಲಿ ‘ಎಷ್ಟರವರೆಗೆ?’ ಎಂದು ದೇವರನ್ನೇ ಕೇಳುವ 13ನೇ ಕೀರ್ತನೆ ಇರುವುದು ಅಂಥ ದಿನಕ್ಕೇ.

ಎಚ್ಚರಿಕೆ, ಇದು ಗಟ್ಟಿ ಅಕ್ಷರದಲ್ಲಿ ಬರೆಯಬೇಕಾದದ್ದು: ಪ್ರಾರ್ಥನೆ ಮಾಡಿಸಿಕೊಂಡು ಬಂದು ಬಿಪಿ, ಶುಗರ್, ಫಿಟ್ಸ್, ಟಿಬಿ ಮಾತ್ರೆ ನಿಲ್ಲಿಸಬೇಡಿ. ‘ಮಾತ್ರೆ ನುಂಗಿದರೆ ನಂಬಿಕೆ ಕಡಿಮೆ’ ಎಂದು ಯಾರಾದರೂ ವೇದಿಕೆಯಿಂದ ಹೇಳಿದರೆ ಎದ್ದು ಬನ್ನಿ. ಸುವಾರ್ತೆ ಬರೆದ ಲೂಕನನ್ನೇ ಕೊಲೊಸ್ಸೆ 4:14ರಲ್ಲಿ ವೈದ್ಯ ಎಂದು ಕರೆದಿದೆ. ಬೆಟಗೇರಿಗೆ ಸುವಾರ್ತೆ ತಂದ ಮಿಶನ್‌ನವರು ಅಲ್ಲೇ ಆಸ್ಪತ್ರೆಯನ್ನೂ ಕಟ್ಟಿದರು.

5. ಬಾಯಿಪಾಠ

ವಾರಕ್ಕೆ ಒಂದು ವಚನ. ಹಳೆಯ ಲಗ್ನಪತ್ರಿಕೆಯ ಖಾಲಿ ಬೆನ್ನಿಗೆ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಚಿಗರಿ ಬಸ್ಸಿನಲ್ಲಿ ತೆಗೆದು ನೋಡಿ. ಮೊದಲ ದಿನ ಹತ್ತು ಸಲ ಬಾಯಿಬಿಟ್ಟು, ಎರಡನೇ, ನಾಲ್ಕನೇ, ಏಳನೇ ದಿನ ನೋಡದೆ. ಮೊದಲ ಆರು ವಾರಕ್ಕೆ 23ನೇ ಕೀರ್ತನೆಯ ಆರು ವಚನ. ಅಂಕಿ ಸಮೇತ ಕಲಿಯಿರಿ, ಇಲ್ಲದಿದ್ದರೆ ಬೇಕಾದಾಗ ಎಲ್ಲಿದೆ ಎಂದು ಸಿಗುವುದಿಲ್ಲ.

6. ಉದ್ರಿ ಪುಸ್ತಕ ಚುಕ್ತಾ

ಬಹಳ ಜನ ಬಿಟ್ಟುಬಿಡುವ ಹಂತ ಇದು. ನಮ್ಮ ಮಾತು ಕೇಳುವುದಾದರೆ, ಇಲ್ಲಿ ಮಾತ್ರ ಬಿಡಬೇಡಿ. ಮತ್ತಾಯ 5:23-24 ಏನು ಹೇಳುತ್ತದೆ? ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ಲೂಕ 19ರಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯನು ಬಾಯಿಮಾತಿನ ಕ್ಷಮೆ ಕೇಳಲಿಲ್ಲ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ.

ಎರಡನೇ ತಿಂಗಳಲ್ಲಿ ಒಂದು ಸಂಜೆ ಕೂತು ಎರಡು ಪಟ್ಟಿ ಮಾಡಿ. ಮೊದಲನೆಯದು ರೊಕ್ಕದ್ದು: ಕಿರಾಣಿ ಅಂಗಡಿಯ ಉದ್ರಿ, ಕೈಗಡ, ಸಂಘದ ಕಂತು, ಕೊಡದೆ ಉಳಿಸಿಕೊಂಡ ಕೂಲಿ, ಮೀಟರಿಗೆ ಕೈ ಹಾಕಿದ್ದು ಏನಾದರೂ ಇದ್ದರೆ ಅದೂ. ಎರಡನೆಯದು ಮಾತಿನದ್ದು: ಬದುವಿನ ಜಗಳ, ಆಸ್ತಿ ಪಾಲಿನಲ್ಲಿ ಮಾತು ಬಿಟ್ಟ ಅಣ್ಣತಮ್ಮ, ಅತ್ತೆ-ಸೊಸೆ, ಚರ್ಚ್ ಕಮಿಟಿ ಚುನಾವಣೆಯಲ್ಲಿ ಆಡಿದ್ದು. (ಕೊನೆಯದ್ದು ಎಷ್ಟೋ ಸಭೆಗಳಲ್ಲಿ ಮೊದಲನೆಯದೇ ಆಗಿರುತ್ತದೆ.)

ರೊಕ್ಕದ್ದಕ್ಕೆ ಚಿಕ್ಕ ಬಾಕಿಯಿಂದ ಶುರು ಮಾಡಿ. ಪೂರಾ ಕೊಡಲು ಆಗದಿದ್ದರೆ ತಲೆತಪ್ಪಿಸಿಕೊಳ್ಳದೆ ಅಂಗಡಿಗೆ ಹೋಗಿ “ತಿಂಗಳಾ 500 ಕೊಡ್ತೀನ್ರಿ, ಬರಕೊಳ್ರಿ” ಎಂದು ಹೇಳಿ, ಹೇಳಿದ ದಿನವೇ ಕೊಡಿ. ಮಾತಿನದ್ದಕ್ಕೆ ಮೆಸೇಜ್ ಬೇಡ, ಎದುರಿಗೆ ಹೋಗಿ. ಹೇಳುವುದು ಇಷ್ಟೇ ಇರಲಿ: “ಅಣ್ಣಾರ, ಹ್ವಾದ ವರ್ಷ ಬದುವಿನ ಜಗಳದಾಗ ನಾ ಆಡಿದ ಮಾತು ತಪ್ಪು. ಕ್ಷಮಾ ಮಾಡ್ರಿ.” ಇಲ್ಲಿಗೆ ಬಾಯಿ ಮುಚ್ಚಿ. “ಆದ್ರ ನೀವೂ ಅವತ್ತ...” ಎಂದು ಮುಂದುವರಿಸಿದರೆ ಹೋದ ದಾರಿ ಹಾಳು. ಅವರು ಬೈದರೆ ಕೇಳಿಸಿಕೊಂಡು ಬನ್ನಿ, ಕ್ಷಮಿಸದಿದ್ದರೆ ಅದು ಅವರ ಪಾಲಿನದ್ದು.

ನಿಮಗೇ ಅನ್ಯಾಯವಾಗಿದ್ದರೆ ಮತ್ತಾಯ 18:15-17ರ ಮೆಟ್ಟಿಲು ಹಿಡಿಯಿರಿ: ಮೊದಲು ಅವರೊಬ್ಬರೇ ಇದ್ದಾಗ, ಆಮೇಲೆ ಒಂದಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಯ ಮುಂದೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಸಭೆಗೆಲ್ಲ ಗೊತ್ತು, ಸಂಬಂಧಪಟ್ಟವರಿಗೆ ಕೊನೆಗೆ. ಒಂದು ಮಾತು ಬೇರೆಯಾಗಿ ಹೇಳಬೇಕು: ಗಂಡನ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ “ಕ್ಷಮಿಸಿ ಹೊಂದಿಕೊಂಡು ಹೋಗವ್ವಾ” ಎಂದು ಈ ವಚನ ತೋರಿಸಬೇಡಿ. ಕ್ಷಮೆ ಬೇರೆ, ಹೊಡೆತಕ್ಕೆ ಮೈ ಒಡ್ಡುವುದು ಬೇರೆ. ಮೊದಲು ಸುರಕ್ಷಿತ ಜಾಗ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

7. ಡಬ್ಬಿ

ದಶಮಾಂಶ ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು. ತಿಂಗಳಿಗೆ 18,000 ಪಗಾರ ಇದ್ದರೆ 1,800. ಹೊಸ ಒಡಂಬಡಿಕೆಯ ಸಭೆಗಳಿಗೆ ಇದೇ ಅಂಕಿ ಕಡ್ಡಾಯವೋ ಅಲ್ಲವೋ ಅನ್ನುವುದರಲ್ಲಿ ಸಭೆಗಳಿಗೇ ಒಮ್ಮತವಿಲ್ಲ. ಪೌಲನು 1 ಕೊರಿಂಥ 16:2ರಲ್ಲಿ ಕೊಡುವ ಕ್ರಮ ಮಾತ್ರ ಸ್ಪಷ್ಟ: ವಾರದ ಮೊದಲ ದಿನ, ಬಂದದ್ದಕ್ಕೆ ತಕ್ಕಂತೆ, ಮೊದಲೇ ತೆಗೆದಿಡುವುದು. ಪಗಾರ ಅಥವಾ ವಾರದ ಕೂಲಿ ಕೈಗೆ ಬಂದ ಕೂಡಲೇ ಡಬ್ಬಿಗೆ ಹಾಕಿ. ಖರ್ಚಾಗಿ ಉಳಿದದ್ದರಲ್ಲಿ ಕೊಡುತ್ತೇನೆ ಅಂದವರಿಗೆ ಯಾವತ್ತೂ ಉಳಿಯುವುದಿಲ್ಲ. ಸಾಲದಲ್ಲಿ ಮುಳುಗಿರುವವರು ನೂರಕ್ಕೆ ಎರಡರಿಂದ ಶುರು ಮಾಡಿ, ಬಾಕಿ ತೀರಿದಂತೆ ಏರಿಸಿ. ಬಡ್ಡಿಗೆ ತಂದು ಕಾಣಿಕೆ ಹಾಕುವುದು ಬೇಡವೇ ಬೇಡ. ಡಬ್ಬಿಯಲ್ಲಿ ಮೂರು ಪಾಲಿದ್ದರೆ ಎರಡು ಸಭೆಗೆ, ಒಂದು ಓಣಿಯಲ್ಲಿ ಅಡಚಣೆ ಇರುವವರಿಗೆ. ಅವರು ಯಾವ ಧರ್ಮ ಎಂದು ಕೇಳಬೇಡಿ.

‘ಇಷ್ಟು ಬಿತ್ತಿದರೆ ನೂರರಷ್ಟು ಬರುತ್ತದೆ’ ಎಂದು ಮೊಬೈಲ್‌ನಲ್ಲಿ ಕ್ಯೂಆರ್ ಕೋಡ್ ತೋರಿಸುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ರಸೀದಿ ಕೊಡದ ಕಡೆಗೂ ಅಷ್ಟೇ.

8. ಒಬ್ಬ ಹಿರಿಯರು, ಒಂದು ಕೆಲಸ

ಸಭೆಯಲ್ಲಿ ಹತ್ತು ವರ್ಷವಾದರೂ ಸ್ಥಿರವಾಗಿ ನಡೆದವರೊಬ್ಬರನ್ನು ಕೇಳಿಕೊಳ್ಳಿ. ಗಂಡಸರು ಗಂಡಸರನ್ನು, ಹೆಂಗಸರು ಹೆಂಗಸರನ್ನು. ಪ್ರಸಂಗ ಮಾಡುವವರೇ ಆಗಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ತಾಸು, ಚಹಾದ ಜೊತೆ. ಅವರು ಕೇಳಬೇಕಾದ ಪ್ರಶ್ನೆ ಮೂರು: ಏನು ಓದಿದಿ? ಬರೆದದ್ದರಲ್ಲಿ ಯಾವುದು ಮಾಡಿದಿ? ಎಲ್ಲಿ ಜಾರಿದಿ? ಯಾಕೋಬ 5:16 ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿರಿ ಅನ್ನುತ್ತದೆ. ಕಥೋಲಿಕರಿಗೆ ಇದಕ್ಕೆ ಗುರುಗಳ ಹತ್ತಿರ ಪಾಪನಿವೇದನೆ ಎಂಬ ಸಂಸ್ಕಾರವೇ ಇದೆ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಹಿರಿಯರು ನಿಮ್ಮ ಮದುವೆ, ಕೆಲಸ, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ‘ದೇವರು ನನಗೆ ತೋರಿಸಿದ್ದಾನೆ’ ಎಂದು ಅಪ್ಪಣೆ ಕೊಡಲು ಶುರು ಮಾಡಿದರೆ ಬೇರೆಯವರನ್ನು ನೋಡಿಕೊಳ್ಳಿ.

ಕೆಲಸವೂ ಒಂದೇ, ಆರು ತಿಂಗಳು. ಜಮಖಾನೆ ಹಾಸಿ ಮಡಚುವುದು, ಸಂಡೇ ಸ್ಕೂಲ್ ಮಕ್ಕಳನ್ನು ರಸ್ತೆ ದಾಟಿಸುವುದು, ಮನೆ ಬಿಟ್ಟು ಹೊರಗೆ ಬರಲಾಗದ ಅಜ್ಜಿಗೆ ವಾರಕ್ಕೊಮ್ಮೆ ಓದಿ ಹೇಳುವುದು. ಹೊಸಬರಿಗೆ ಮೊದಲ ವರ್ಷವೇ ಮೈಕು ಬೇಡ. ಸಾಕ್ಷಿ (ದೇವರು ತನ್ನ ಬದುಕಿನಲ್ಲಿ ಮಾಡಿದ್ದು) ಹೇಳಿ ಚಪ್ಪಾಳೆ ಗಿಟ್ಟಿಸಿದವರು ಮುಂದಿನ ಸಲ ಕಥೆಗೆ ಸ್ವಲ್ಪ ಬಣ್ಣ ಹಚ್ಚುತ್ತಾರೆ.

9. ಉಪವಾಸ

ಆರು ತಿಂಗಳ ಮೇಲೆ. ಮೊದಲು ವಾರಕ್ಕೆ ಒಂದು ಹೊತ್ತಿನ ಊಟ ಮಾತ್ರ ಬಿಡಿ, ನೀರು ಕುಡಿಯುತ್ತಾ. ಉಳಿದ ಹೊತ್ತನ್ನು ಪ್ರಾರ್ಥನೆಗೆ, ಉಳಿದ ಊಟದ ಖರ್ಚನ್ನು ಡಬ್ಬಿಗೆ. ಉಪವಾಸ ಮುರಿಯುವಾಗ ಗಂಜಿ ಅಥವಾ ಮಜ್ಜಿಗೆ. ಗಿರಮಿಟ್ಟು ಮಿರ್ಚಿಯಿಂದ ಉಪವಾಸ ಬಿಟ್ಟರೆ ರಾತ್ರಿಯೆಲ್ಲ ಎದೆಯುರಿ. ಶುಗರ್ ಇದ್ದವರು, ಬಸುರಿ ಬಾಣಂತಿಯರು ಉಪವಾಸ ಬೇಡ. ಅದರ ಬದಲು ಟಿವಿ, ಮೊಬೈಲ್ ಬಿಡಿ. ಮತ್ತಾಯ 6:16ರಂತೆ ಯಾರಿಗೂ ಹೇಳಬೇಡಿ, ಸ್ಟೇಟಸ್‌ನಲ್ಲೂ.

10. ಮನೆಯಲ್ಲಿ ನೀವೊಬ್ಬರೇ ವಿಶ್ವಾಸಿಯಾಗಿದ್ದರೆ

ತುಸು ನಿಧಾನವಾಗಿ ಓದಿ. ಮನೆಯವರು ನಿಮ್ಮನ್ನು ನೋಡುವುದು ಪ್ರಾರ್ಥನೆಯಲ್ಲಲ್ಲ, ಪಾತ್ರೆ ತೊಳೆಯುವಾಗ, ಪಗಾರ ಬಂದಾಗ, ಅಪ್ಪನಿಗೆ ಕಾಯಿಲೆಯಾದಾಗ. 1 ಪೇತ್ರ 3:1-2 ಮಾತಿಲ್ಲದೆ ನಡತೆಯಿಂದಲೇ ಗೆಲ್ಲುವ ದಾರಿ ಹೇಳುತ್ತದೆ. ನಂಬದ ಗಂಡ ಅಥವಾ ಹೆಂಡತಿ ಜೊತೆಗಿರಲು ಒಪ್ಪಿದರೆ ಬಿಡಬೇಡಿ ಎಂದು 1 ಕೊರಿಂಥ 7:12-13 ಹೇಳುತ್ತದೆ.

ಹೆಚ್ಚು ಬರುವ ಪ್ರಶ್ನೆ ಪ್ರಸಾದದ್ದು, ಹಬ್ಬದ ಎಡೆಯದ್ದು. 1 ಕೊರಿಂಥದ 8 ಮತ್ತು 10ನೇ ಅಧ್ಯಾಯ, ರೋಮಾಪುರ 14, ಈ ಮೂರನ್ನೂ ಓದಿ ನಿಮ್ಮ ಸಭಾಪಾಲಕರ ಜೊತೆ ಮಾತಾಡಿ. ಸಭೆಗಳ ನಿಲುವಿನಲ್ಲಿ ವ್ಯತ್ಯಾಸವಿದೆ. ತೆಗೆದುಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದರೆ ಕೈ ಮುಗಿದು “ಬ್ಯಾಡ್ರಿ ಅತ್ತೀ, ಬ್ಯಾಸರ ಮಾಡ್ಕೋಬ್ಯಾಡ್ರಿ” ಅನ್ನಿ, ಅಷ್ಟಕ್ಕೇ ಬಿಡಿ. ಎಳ್ಳಮವಾಸಿಗೆ ಮನೆಯವರೆಲ್ಲ ಹೊಲಕ್ಕೆ ಹೊರಟಾಗ ಬುತ್ತಿ ಕಟ್ಟಲು ಕೈ ಜೋಡಿಸಿ, ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲುವ ಹೊತ್ತಿಗೆ ದೂರ ನಿಲ್ಲಿ. ಬೇರೆಯವರ ದೇವರನ್ನು ಹೀಯಾಳಿಸಿದ ನಾಲಿಗೆಯಿಂದ ಯೇಸುವಿನ ಮಾತು ಕೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಕೇಳಿದವರಿಗೆ ಮಾತ್ರ, ಸಾತ್ವಿಕತೆಯಿಂದ, ಮರ್ಯಾದೆಯಿಂದ ಉತ್ತರ ಕೊಡಿ. 1 ಪೇತ್ರ 3:15 ಹೇಳುವುದೂ ಅಷ್ಟೇ. ರೊಕ್ಕ, ಕೆಲಸ, ಸೀಟಿನ ಆಸೆ ತೋರಿಸಿ ಯಾರನ್ನೂ ಕರೆಯಬೇಡಿ.

11. ತಪ್ಪಿಹೋದಾಗ

ತಪ್ಪುತ್ತದೆ. ಸುಗ್ಗಿ ಬರುತ್ತದೆ, ಮನೆಯಲ್ಲಿ ಸಾವಾಗುತ್ತದೆ, ಏನೂ ಇಲ್ಲದೆಯೂ ಮೂರು ವಾರ ಬೈಬಲ್ ಮುಟ್ಟದೆ ಹೋಗುತ್ತದೆ. ಆಗ ಎಲ್ಲರೂ ಮಾಡುವ ತಪ್ಪು ಒಂದೇ: ಬಾಕಿ ಉಳಿದ ಹದಿನೈದು ಅಧ್ಯಾಯವನ್ನು ಒಂದೇ ದಿನ ಓದಿ ಮುಗಿಸಲು ಕೂಡುವುದು. ಎಂಟನೆಯದಕ್ಕೆ ಕಣ್ಣು ಎಳೆಯುತ್ತದೆ, ಮರುದಿನ ಮತ್ತೆ ಬಿಟ್ಟುಹೋಗುತ್ತದೆ. ಅಂಗಡಿಯ ಬಾಕಿ ತೀರಿಸಲೇಬೇಕು, ಓದಿನ ಬಾಕಿ ಬೇಡ. ನೋಟ್‌ಬುಕ್ಕಿನಲ್ಲಿ ಒಂದು ಅಡ್ಡಗೆರೆ ಎಳೆದು, ಅದರ ಕೆಳಗೆ ಇವತ್ತಿನ ತಾರೀಖು ಬರೆಯಿರಿ. ಮೊದಲ ಮೂರು ದಿನ ನೀರಿನ ದಿನದ ಅಳತೆ ಸಾಕು. ನಾಲ್ಕನೇ ದಿನ ನಿಲ್ಲಿಸಿದ ಅಧ್ಯಾಯದಿಂದ ಮುಂದಕ್ಕೆ. ಹಿರಿಯರಿಗೆ ಒಂದು ಫೋನ್ ಮಾಡಿ, “ಮೂರು ವಾರ ಆತ್ರಿ, ಬಿಟ್ಟಿದ್ದೆ” ಎಂದು ತಿಳಿಸಿಬಿಡಿ.